ರೂಟ್ ಕೆನಾಲ್ ಆದ ಹಲ್ಲಿಗೆ ಕ್ಯಾಪ್ ಯಾವಾಗ ಬೇಕು?

ನಮ್ಮ ತಾಯಿಯವರ ಕೆಳದವಡೆಯ ಹಲ್ಲಿಗೆ ರೂಟ್ ಕೆನಾಲ್ ಆದ ಮೇಲೆ ನೋವು ಪೂರ್ತಿ ನಿಂತಿದ್ದರಿಂದ, ಕ್ಯಾಪ್ (ಹಲ್ಲನ್ನು ಪೂರ್ತಿ ಮುಚ್ಚುವ ಗಟ್ಟಿ ಹೊದಿಕೆ) ಹಾಕಿಸುವುದನ್ನು ನಾವು ತಿಂಗಳುಗಟ್ಟಲೆ ಮುಂದೂಡಿದೆವು. ಒಂದು ಸಂಜೆ ಚಕ್ಕುಲಿ ಕಡಿಯುವಾಗ ಆ ಹಲ್ಲು ಬೇರಿನವರೆಗೂ ಸೀಳಿತು. ಹಾಗೆ ಸೀಳಿದ ಹಲ್ಲನ್ನು ಉಳಿಸುವುದು ಸಾಧ್ಯವಾಗದೆ ಕೀಳಿಸಬೇಕಾಯಿತು.

ಅಗಿಯುವ ಒತ್ತಡವನ್ನೆಲ್ಲ ಹೊರುವ ದವಡೆ ಹಲ್ಲುಗಳು, ಹುಳುಕಿನಿಂದಲೂ ಚಿಕಿತ್ಸೆಗಾಗಿ ಕೊರೆದ ರಂಧ್ರದಿಂದಲೂ ಒಳಗೆ ಟೊಳ್ಳಾಗಿರುವುದರಿಂದ, ನೋವಿಲ್ಲದಿದ್ದರೂ ಅವುಗಳಿಗೆ ಸಾಮಾನ್ಯವಾಗಿ ಕ್ಯಾಪ್ ಬೇಕೇ ಬೇಕು. ಹೆಚ್ಚು ಸವೆಯದ ಮುಂದಿನ ಹಲ್ಲಿಗೆ ಫಿಲ್ಲಿಂಗ್ ಮಾತ್ರವೇ ಸಾಕಾಗಬಹುದು. ರೂಟ್ ಕೆನಾಲ್ ಆಗದ ಹಲ್ಲಿನಲ್ಲಿಯೂ ಹಳೆಯ ಫಿಲ್ಲಿಂಗ್ ಹಲ್ಲಿನ ಅರ್ಧಕ್ಕಿಂತ ಹೆಚ್ಚು ಅಗಲವಾಗಿದ್ದರೆ, ಅಗಿಯುವ ಮೂಲೆ ಮುರಿದಿದ್ದರೆ, ಅಥವಾ ಕಚ್ಚಿದಾಗ, ಅದರಲ್ಲೂ ಕಚ್ಚಿ ಬಿಡುವ ಕ್ಷಣದಲ್ಲಿ ಚುಳ್ಳೆಂದು ನೋಯುತ್ತಿದ್ದರೆ (ಇದು ಬಿರುಕಿನ ಲಕ್ಷಣವಾಗಿರಬಹುದು) ತಡಮಾಡದೆ ತೋರಿಸಿ.

ಸಣ್ಣ ಹುಳುಕಿಗೆ ಮಾತ್ರ ಕ್ಯಾಪ್‌ಗೆ ಅವಸರಪಡಬೇಡಿ. ಅದನ್ನು ಕೂರಿಸಲು ಹಲ್ಲನ್ನು ಸುತ್ತಲೂ ಸುಮಾರು 1ರಿಂದ 2 ಮಿಲಿಮೀಟರ್ ತೇಯಬೇಕಾಗುತ್ತದೆ. ತೇಯ್ದದ್ದು ಮತ್ತೆ ಬೆಳೆಯುವುದಿಲ್ಲ.

ಒಪ್ಪಿಗೆ ಕೊಡುವ ಮೊದಲು ವೈದ್ಯರನ್ನು ಎಕ್ಸ್‌ರೇ ತೋರಿಸಿ ವಿವರಿಸುವಂತೆ ಕೇಳಿ, ವಸಡಿನ ಮೇಲೆ ಗಟ್ಟಿ ಹಲ್ಲು ಎಷ್ಟು ಉಳಿದಿದೆ ಎಂದು ವಿಚಾರಿಸಿ. ಸುತ್ತಲೂ ಸುಮಾರು 2 ಮಿಲಿಮೀಟರ್ ಇದ್ದರೆ ಕ್ಯಾಪ್ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಕ್ಯಾಪ್ ಬರುವವರೆಗೆ ಆ ಬದಿಯಲ್ಲಿ ಅಡಿಕೆ, ಕೋಡುಬಳೆಗಳನ್ನು ದಯವಿಟ್ಟು ಕಡಿಯಬೇಡಿ.