ಬ್ಲೇಡಿಗಿಂತ ಮೊದಲು ಕೈಕೊಡುವುದು ಸ್ವಿವಲ್ಲು

ಫೆಬ್ರವರಿಯ ಒಂದು ಬೆಳಗ್ಗೆ ಟೆಕ್ಸಸ್‌ನ ಲೇಕ್ ಫೋರ್ಕ್‌ನಲ್ಲಿ ಸ್ಪಿನ್ನರ್‌ಬೈಟ್ ಎಸೆಯುತ್ತಿದ್ದೆ, ಅಂದರೆ ಎಳೆದಾಗ ತಿರುಗುವ ತಗಡಿನ ಎಲೆ (ಬ್ಲೇಡ್) ಇರುವ ಗಾಳ. ನೀರು 50 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಬೆರಳು ಮರಗಟ್ಟಿದ್ದರೂ ರಾಡಿನ ಹಿಡಿಯಲ್ಲಿ ಬ್ಲೇಡಿನ ಬಡಿತ ಗೊತ್ತಾಗುತ್ತಿತ್ತು. ಧಡ್, ಧಡ್, ಧಡ್. ಸ್ಟಾರ್ಟ್ ಮಾಡಿ ನಿಲ್ಲಿಸಿದ ಬುಲೆಟ್ ಗಾಡಿಯ ಹಾಗೆ. ಹತ್ತನೇ ಎಸೆತವೋ ಹನ್ನೊಂದನೆಯದೋ, ಬಡಿತ ನಿಂತೇಹೋಯಿತು. ಕಳೆ ಸುತ್ತಿಕೊಂಡಿರಬೇಕು ಅಂತ ಎಳೆದು ನೋಡಿದರೆ ಒಂದೆಳೆ ಕಳೆಯೂ ಇಲ್ಲ. ಬ್ಲೇಡ್ ಪಳಪಳ ಅನ್ನುತ್ತಿದೆ, ಒಂದು ಗೀರೂ ಬಿದ್ದಿಲ್ಲ. ಅದನ್ನು ತಂತಿಗೆ ಸೇರಿಸುವ, ಗೋಧಿ ಕಾಳಿನಷ್ಟಿರುವ ಸ್ವಿವಲ್ ಮಾತ್ರ ತುಕ್ಕು ಹಿಡಿದು ಬಿಗಿದುಕೊಂಡಿತ್ತು.

ಅಲ್ಲಿಯವರೆಗೂ ನಾನು ಸ್ಪಿನ್ನರ್‌ಬೈಟ್ ಕೊಳ್ಳುವಾಗ ನೋಡುತ್ತಿದ್ದದ್ದು ಬ್ಲೇಡ್ ಒಂದನ್ನೇ. ಎಷ್ಟು ದೊಡ್ಡದು, ಎಷ್ಟು ಹೊಳೆಯುತ್ತೆ, ಅಷ್ಟೇ.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ. ಅಲ್ಲಿ ನಮ್ಮದು ಬಿದಿರು ಕೋಲು, ಬೆಂಡು, ಎರೆಹುಳ. ಬೆಂಡು ಮುಳುಗುವವರೆಗೆ ತುಂಗೆಯ ದಡದಲ್ಲಿ ಸುಮ್ನೆ ಕೂರುವುದು. ಕೆಲಸಕ್ಕೆ ಅಂತ ಡಲ್ಲಾಸ್‌ಗೆ ಬಂದು, ಇಲ್ಲಿನ ಲಾರ್ಜ್‌ಮೌತ್ ಬಾಸ್ ಮೀನಿನ ಹುಚ್ಚು ಹತ್ತಿದ ಮೇಲೆ ಸ್ಪಿನ್ನರ್‌ಬೈಟ್ ಕೈಗೆ ಬಂತು. ಮೊದಲ ಸಲ ನೋಡಿದಾಗ ನಗು ಬಂದಿತ್ತು. ಬಿಚ್ಚಿದ ಸೇಫ್ಟಿ ಪಿನ್ನಿನ ಆಕಾರದ ತಂತಿ, ಕೆಳಗಿನ ತುದಿಗೆ ಸೀಸದ ತಲೆ, ಗಾಳ, ಅದನ್ನು ಮುಚ್ಚುವ ರಬ್ಬರ್ ಎಳೆಗಳ ಲಂಗ. ಮೇಲಿನ ತುದಿಗೆ ತಗಡಿನ ಎಲೆ. ಇದನ್ನು ಯಾವ ಮೀನು ತಿನ್ನುತ್ತೆ? ನೀರಿಗಿಳಿಸಿ ಎಳೆದ ಮೇಲೆ ಗೊತ್ತಾಯಿತು. ಆ ಎಲೆ ತಿರುಗಲು ಶುರುವಾದರೆ ಶ್ಯಾಡ್ ಮೀನಿನ ಮರಿ ಹೊಟ್ಟೆ ತೋರಿಸಿ ಹೊರಳಿದ ಹಾಗೇ ಕಾಣುತ್ತೆ.

ಬ್ಲೇಡಿನ ಆಕಾರಗಳು ಮುಖ್ಯವಾಗಿ ಮೂರು. ಕೊಲೊರಾಡೊ ಅಂದರೆ ದುಂಡಗೆ, ಚಮಚದ ಬಾಯಿಯ ಹಾಗೆ. ವಿಲೋ ಲೀಫ್ ಮಾವಿನೆಲೆಯ ಹಾಗೆ ಉದ್ದ, ಚೂಪು. ಇಂಡಿಯಾನಾ ಇವೆರಡರ ನಡುವೆ, ಬಾದಾಮಿ ಆಕಾರ. ಕೊಲೊರಾಡೊ ನೀರನ್ನು ಜಾಸ್ತಿ ತಳ್ಳುತ್ತೆ, ನಿಧಾನಕ್ಕೆ ಎಳೆದರೂ ತಿರುಗುತ್ತೆ, ಬಡಿತ ಜೋರು. ಕದಡಿದ ನೀರಲ್ಲಿ, ಚಳಿಯಲ್ಲಿ, ಮೀನಿಗೆ ಕಣ್ಣಿಗಿಂತ ನೀರಿನ ಅಲುಗಾಟ ತಿಳಿಯುವ ಮೈಪಕ್ಕದ ಗೆರೆಯೇ ಆಧಾರವಾದಾಗ ನನಗೆ ಇದೇ ಬೇಕು. ವಿಲೋ ಬೇಗ ತಿರುಗುತ್ತೆ, ಮಿಂಚು ಜಾಸ್ತಿ, ಬಡಿತ ಕಡಿಮೆ. ಕೈಗೆ ಹೊಲಿಗೆ ಮಿಷನ್ನಿನ ಹಾಗೆ ಸಣ್ಣಗೆ ಗುಯ್ ಅನ್ನುತ್ತೆ. ತಿಳಿನೀರಿಗೆ, ಹೈಡ್ರಿಲ್ಲಾ ಕಳೆಯ ಮೇಲೆ ಜೋರಾಗಿ ಎಳೆಯೋಕೆ ಅದು ಸರಿ. ಇಂಡಿಯಾನಾ ನನಗೆ ಯಾಕೋ ಒಗ್ಗಲೇ ಇಲ್ಲ. ಎರಡೂ ಕಡೆಗೆ ಸಲ್ಲುವುದು ಎರಡೂ ಕಡೆ ಅರ್ಧಂಬರ್ಧ ಅನ್ನಿಸುತ್ತೆ. ಅದನ್ನೇ ನಂಬಿದವರೂ ಇದ್ದಾರೆ ಬಿಡಿ.

ಆಕಾರಕ್ಕೂ ಬಾಳಿಕೆಗೂ ನಂಟಿದೆ ಅನ್ನುವುದನ್ನು ಕಲಿಯೋಕೆ ದುಡ್ಡು ಕಳೆದುಕೊಳ್ಳಬೇಕಾಯಿತು. ಮೊದಲ ವರ್ಷ ಅಂತರ್ಜಾಲದಲ್ಲಿ ಸಿಕ್ಕ ಅಗ್ಗದ ಹತ್ತರ ಪ್ಯಾಕೆಟ್ ತರಿಸಿದ್ದೆ. ಎಲ್ಲಕ್ಕೂ ದೊಡ್ಡ ಕೊಲೊರಾಡೊ ಬ್ಲೇಡ್, ತಂತಿ ಮಾತ್ರ ತೆಳ್ಳಗೆ. ಬಡಿತ ಅಂದರೆ ಬಡಿತ! ಒಂದೊಂದು ಮೀನು ಹಿಡಿದಾಗಲೂ ತಂತಿಯ ಮೇಲಿನ ತೋಳು ಬಗ್ಗುತ್ತಿತ್ತು. ನಾನು ಇಕ್ಕಳ ಹಿಡಿದು ನೇರ ಮಾಡುತ್ತಿದ್ದೆ. ಕಟರ್ ಇಲ್ಲದಾಗ ಬೈಂಡಿಂಗ್ ವೈರನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ನಾನು ಮಾಡುತ್ತಿದ್ದದ್ದೂ ಅದೇ. ಐದನೇ ಮೀನಿಗೋ ಏನೋ, ದಾರ ಕಟ್ಟುವ ಬಾಗಿನಲ್ಲೇ ಲಟಕ್ ಅಂತ ತುಂಡಾಯಿತು. ಮೀನೂ ಹೋಯಿತು, ಗಾಳವೂ ಹೋಯಿತು.

ದೊಡ್ಡ ಕೊಲೊರಾಡೊ ಪ್ರತಿ ಸುತ್ತಿಗೂ ಆ ಬಾಗನ್ನು ಅಲ್ಲಾಡಿಸುತ್ತೆ. ಮೀನು ಸಿಗಲಿ ಬಿಡಲಿ, ಲೋಹ ದಣಿಯುತ್ತಲೇ ಇರುತ್ತೆ. ತೆಳು ತಂತಿಯಲ್ಲಿ ಬಡಿತ ಚೆನ್ನಾಗಿ ಬರುತ್ತೆ ಅನ್ನುವುದೂ ನಿಜ, ಅದಕ್ಕೇ ಆಸೆಯಾಗುವುದು. ಈಗ ನನ್ನ ಲೆಕ್ಕ ಹೀಗೆ: ಅಳತೆಯಲ್ಲಿ ಆರು, ಏಳನೇ ನಂಬರಿನ ಕೊಲೊರಾಡೊಗೆ 0.040 ಇಂಚು ದಪ್ಪದ ಸ್ಟೇನ್‌ಲೆಸ್ ತಂತಿ. ನಾಲ್ಕೂವರೆ ನಂಬರಿನ ವಿಲೋಗೆ 0.035 ಸಾಕು. ಟೈಟಾನಿಯಂ ತಂತಿಯದ್ದೂ ಒಂದಿದೆ. ಎಷ್ಟು ಬಗ್ಗಿದರೂ ತಾನೇ ನೇರವಾಗುತ್ತೆ. ಆದರೆ ಬೆಲೆ ಕೇಳಿದರೆ ಮರದ ಬುಡಕ್ಕೆ ಎಸೆಯೋಕೆ ಮನಸ್ಸು ಬರಲ್ಲ. ಲೇಕ್ ಫೋರ್ಕ್‌ನಲ್ಲಿ ಮರಕ್ಕೆ ಎಸೆಯದೆ ಇನ್ನೆಲ್ಲಿಗೆ ಎಸೆಯೋದು? 1980ರಲ್ಲಿ ಅಣೆಕಟ್ಟಿಗೆ ನೀರು ತುಂಬಲು ಶುರುವಾದ ಮೇಲೆ ಮುಳುಗಿದ ಕಾಡು ಇನ್ನೂ ಒಳಗೇ ನಿಂತಿದೆ.

ವಿಲೋದ ತೊಂದರೆ ಬೇರೆ. ಅದು ತಂತಿಯನ್ನು ಅಷ್ಟು ದಣಿಸುವುದಿಲ್ಲ, ತಾನೇ ಏಟು ತಿನ್ನುತ್ತೆ. ತುದಿ ಮರದ ಬೊಡ್ಡೆಗೆ ಬಡಿದು ಕೂದಲೆಳೆಯಷ್ಟು ಮಡಿಚಿದರೂ ತಿರುಗುವ ಲಯ ಕೆಡುತ್ತೆ. ಕಣ್ಣಿಗೆ ಕಾಣಲ್ಲ, ಉಗುರಿನ ಮೇಲೆ ಸವರಿದರೆ ಸಿಗುತ್ತೆ. ಜೋಡಿ ಬ್ಲೇಡಿನದ್ದಾದರೆ ಮುಂದಿನ ಸಣ್ಣ ಬ್ಲೇಡನ್ನು ಹಿಡಿದಿರುವ ಕ್ಲೆವಿಸ್ ಅನ್ನುವ ಸಣ್ಣ ಕೊಂಡಿಯನ್ನೂ ನೋಡಬೇಕು. ಅದರ ತೂತಿನೊಳಗೆ ಮರಳು, ಕಳೆಯ ನಾರು ಸೇರಿ ಬಿಗಿಯುತ್ತೆ. ಒಮ್ಮೆ ಅದನ್ನು ಬಿಚ್ಚಿ ತೊಳೆದು, ಬ್ಲೇಡನ್ನು ಹಿಂದುಮುಂದಾಗಿ ಸೇರಿಸಿ, ಇಡೀ ಬೆಳಗ್ಗೆ ತಿರುಗದ ಬ್ಲೇಡ್ ಎಳೆದಿದ್ದೇನೆ. ಬ್ಲೇಡಿನ ತಗ್ಗಾದ ಒಳಬದಿ ತಂತಿಯ ಕಡೆ ಇರಬೇಕು.

ಸ್ವಿವಲ್‌ಗೆ ನನ್ನ ಪರೀಕ್ಷೆ ಸುಲಭ. ಗಾಳ ಹಿಡಿದು ಬ್ಲೇಡನ್ನು ಇಳಿಬಿಟ್ಟು ಬಾಯಲ್ಲಿ ಊದುವುದು, ಬಿಸಿ ಕಾಫಿ ಆರಿಸುವಷ್ಟು ಮೆಲ್ಲಗೆ. ಬಾಲ್ ಬೇರಿಂಗ್ ಸ್ವಿವಲ್ ಆದರೆ ಅಷ್ಟಕ್ಕೇ ಬುರ್ರನೆ ತಿರುಗುತ್ತೆ. ಅಗ್ಗದ ಸಾದಾ ಸ್ವಿವಲ್ ಅರ್ಧ ಸುತ್ತಿ ನಿಲ್ಲುತ್ತೆ. ನಿಂತರೆ ರೀಲಿಗೆ ಬಿಡುವ ಎಣ್ಣೆ ಒಂದು ಹನಿ, ಆಗಲೂ ಆಗದಿದ್ದರೆ ಬದಲಾಯಿಸುವುದು. ಮನೆಗೆ ಬಂದ ಮೇಲೆ ಒದ್ದೆ ಸರಂಜಾಮನ್ನು ಡಬ್ಬಿಗೆ ಹಾಕಿ ಮುಚ್ಚುವ ಚಾಳಿ ಬಿಟ್ಟೆ. ಒಂದು ರಾತ್ರಿ ಮುಚ್ಚಳ ತೆಗೆದಿಟ್ಟರೆ ಅರ್ಧ ತುಕ್ಕು ತಪ್ಪುತ್ತೆ.

ಹೊಳಪಿನ ವಿಷಯಕ್ಕೆ ಬಂದರೆ, ನಿಕಲ್ ಲೇಪ ಬಹಳ ದಿನ ಬರುತ್ತೆ. ಬಣ್ಣ ಬಳಿದ ಬ್ಲೇಡ್ ಅಣೆಕಟ್ಟಿನ ಏರಿಯ ಕಲ್ಲಿಗೆ ನಾಲ್ಕು ಸಲ ತಾಗಿದರೆ ಚಕ್ಕೆ ಏಳುತ್ತೆ. ಮಳೆ ಬಂದು ಕೆಂಪಾದ ನೀರಿಗೆ ಬಿಳಿ ಬ್ಲೇಡ್ ಬೇಕೇ ಬೇಕು, ಹಾಗಾಗಿ ಚಕ್ಕೆ ಎದ್ದ ಕಡೆ ಮಗಳ ಉಗುರುಬಣ್ಣ. ಲೇಪವಿಲ್ಲದ ಹಿತ್ತಾಳೆ ಬ್ಲೇಡ್ ಕಪ್ಪಾದರೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುತ್ತೇನೆ. ಲೇಪವಿದ್ದದ್ದನ್ನು ಹಾಗೆ ಮಾಡಬಾರದು, ಲೇಪವೇ ಎದ್ದುಬರುತ್ತೆ. ಒಂದು ಭಾನುವಾರ ಸಿಂಕ್ ಹತ್ತಿರ ನಿಂತು ತಿಕ್ಕುತ್ತಿದ್ದಾಗ ಹೆಂಡತಿ ನೋಡಿದಳು. "ರೀ, ದೇವರ ದೀಪ ಬೆಳಗಿ ಅಂದ್ರೆ ಬೆನ್ನು ನೋವು. ಇದಕ್ಕೆ ನೋವಿಲ್ವಾ?" ಅವತ್ತು ದೀಪಗಳನ್ನೂ ಬೆಳಗಿದೆ.

ಆ ಫೆಬ್ರವರಿಯ ಬ್ಲೇಡ್ ಇನ್ನೂ ನನ್ನ ಹತ್ತಿರ ಇದೆ. ಅದನ್ನು ಸ್ವಿವಲ್‌ಗೆ ಕೂಡಿಸುವ ಸ್ಪ್ಲಿಟ್ ರಿಂಗ್ ಬಿಡಿಸಿ ಬೇರೆ ತಂತಿಗೆ ಹಾಕಿದೆ, ಈಗಿರುವುದು ಮೂರನೇ ತಂತಿ. ಕಳೆದ ವಸಂತದಲ್ಲಿ ಅದೇ ಕೆರೆಯಲ್ಲಿ ಅದಕ್ಕೆ ಸಿಕ್ಕ ಬಾಸ್ ಅಳತೆ ಪಟ್ಟಿಯ ಮೇಲೆ 19 ಇಂಚು ತೋರಿಸಿತು. ಅಲ್ಲಿನ ನಿಯಮದಂತೆ 16ರಿಂದ 24 ಇಂಚಿನ ನಡುವಿನ ಬಾಸ್ ಇಟ್ಟುಕೊಳ್ಳುವ ಹಾಗಿಲ್ಲ. ಒಂದು ಫೋಟೊ ತೆಗೆದು ನೀರಿಗೆ ಬಿಟ್ಟೆ. ಆಮೇಲೆ ಗಾಳ ಹಿಡಿದು ಬ್ಲೇಡಿಗೆ ಮೆಲ್ಲಗೆ ಊದಿದೆ. ತಿರುಗಿತು. ಮತ್ತೆ ಎಸೆದೆ.