ಡೀಸೆಲ್ ತುಟ್ಟಿಯಾದಾಗ ಪಿಕಪ್ ಓಡಿಸುವುದು ಹೇಗೆ?

2024ರ ಜೂನ್‌ನಲ್ಲಿ, ಮತ್ತೆ 2025ರ ಏಪ್ರಿಲ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಏರಿ ಡೀಸೆಲ್ ತುಟ್ಟಿಯಾಯಿತು. ದರ ಏರಿದಾಗ ಚಿಕ್ಕಬಳ್ಳಾಪುರದ ಮಾರುಕಟ್ಟೆಗೆ ಹೂವು, ತರಕಾರಿ ಹೊರುವ ಗಾಡಿಗಳಲ್ಲಿ ಎರಡು ರೂಢಿ ಶುರುವಾಗುತ್ತವೆ: ಬಂಕಿನಲ್ಲಿ ‘ಐನೂರಕ್ಕೆ ಹಾಕಿ’ ಎನ್ನುವುದು, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು. ಎರಡರಲ್ಲೂ ಉಳಿತಾಯವಿಲ್ಲ.

ಐನೂರು ಐನೂರಕ್ಕೆ ಹಾಕಿಸಿದರೆ ಗಾಡಿ ಎಷ್ಟು ಕುಡಿಯುತ್ತಿದೆ ಎಂಬುದೇ ತಿಳಿಯುವುದಿಲ್ಲ. ಮೊದಲು ಲೆಕ್ಕ ಹಿಡಿಯಿರಿ. ನಾಝಲ್ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಮೀಟರ್ ಬರೆದಿಡಿ. 300 ಕಿ.ಮೀ. ಓಡಿದ ಮೇಲೆ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ತುಂಬಿಸಿ. 312 ಕಿ.ಮೀ.ಗೆ 24 ಲೀಟರ್ ಹಿಡಿದರೆ ಮೈಲೇಜ್ 13. ಗಾಡಿ ತುಸು ವಾಲಿ ನಿಂತರೂ ಲೆಕ್ಕ ತಪ್ಪುತ್ತದೆ. ಹಾಗಾಗಿ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಇನ್ನು ನ್ಯೂಟ್ರಲ್. ನಂದಿ ಬೆಟ್ಟದಿಂದ ಇಳಿಯುವಾಗ ಗೇರ್‌ನಲ್ಲೇ ಇದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ, ಈಗಿನ ಸಿಆರ್‌ಡಿಐ (ಕಂಪ್ಯೂಟರ್ ಹತೋಟಿಯ ಡೀಸೆಲ್) ಎಂಜಿನ್ ಇಂಜೆಕ್ಟರ್‌ನಿಂದ ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಎಂಜಿನ್ ತಿರುಗಿಸುವುದು ಚಕ್ರಗಳೇ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಿರಲು ಡೀಸೆಲ್ ಸುಡಲೇಬೇಕು. ಎಂಜಿನ್ನಿನ ಹಿಡಿತವೂ ಹೋಗಿ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ. ನಾಲ್ಕಾರು ತಿರುವು ದಾಟುವಷ್ಟರಲ್ಲಿ ಬ್ರೇಕ್ ಲೈನರ್ ಕಾದು ವಾಸನೆ ಬರುತ್ತದೆ, ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಕೀಲಿ ಆಫ್ ಮಾಡಿ ಇಳಿಸುವುದಂತೂ ಜೀವದ ಪ್ರಶ್ನೆ. ಸ್ಟೇರಿಂಗ್ ಬಿಗಿಯಾಗುತ್ತದೆ, ಲಾಕ್ ಆದರೂ ಆಗಬಹುದು. ಹತ್ತುವಾಗ ಬಳಸಿದ ಗೇರ್‌ನಲ್ಲೇ ಇಳಿಯಿರಿ.

ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗ ನೋಡಿಸಿ. ಓಡಿ ಬಿಸಿಯಾದ ಟೈರ್ ನಾಲ್ಕೈದು ಪಾಯಿಂಟ್ (ಪಿಎಸ್‌ಐ) ಹೆಚ್ಚು ತೋರಿಸುತ್ತದೆ. ಆಗ ಇಳಿಸಿದರೆ ಮರುದಿನ ಕಡಿಮೆಯಾಗಿರುತ್ತದೆ. ಲೋಡ್ ಇದ್ದಾಗಿನ ಅಳತೆ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲೋ ಗಾಡಿಯ ಕೈಪಿಡಿಯಲ್ಲೋ ಇರುತ್ತದೆ. ಟೈರಿನ ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಸವೆದಿದ್ದರೆ ಹೆಚ್ಚು.

ಕಲ್ಲು ಕ್ವಾರಿಯ ದೂಳಿನ ದಾರಿಯಲ್ಲಿ ಓಡುವ ಗಾಡಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಹೊಗೆ ಕಪ್ಪಾದರೆ ಮೊದಲು ಅದನ್ನೇ ನೋಡಿ. ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಹೊಡೆಸಿ. ಪೇಪರ್ ಫಿಲ್ಟರನ್ನು ತೊಳೆಯಬೇಡಿ.

ಬಾಗೇಪಲ್ಲಿ ದಾಟಿ ಆಂಧ್ರಕ್ಕೆ ಹೋಗುವವರು ಗಡಿಗೆ ಮೊದಲೇ ಫುಲ್ ಮಾಡಿಸಿ. ಅಲ್ಲಿ ತೆರಿಗೆ ಹೆಚ್ಚು.

ಇಷ್ಟಾದರೂ ಮೈಲೇಜ್ ಏರದಿದ್ದರೆ, ಪೆಡಲ್ ಬಿಟ್ಟ ಮೇಲೂ ಬ್ರೇಕ್ ಚಕ್ರವನ್ನು ಹಿಡಿದೇ ಇರಬಹುದು. ಇಪ್ಪತ್ತು ಕಿ.ಮೀ. ಓಡಿಸಿ, ಹೆಚ್ಚು ಬ್ರೇಕ್ ಒತ್ತದೆ ನಿಲ್ಲಿಸಿ, ನಾಲ್ಕೂ ಚಕ್ರದ ನಡುವಿನ ಬಳಿ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದರಲ್ಲಿ ಮಾತ್ರ ಕಾವು ಹೊಡೆದರೆ ಆ ಚಕ್ರವನ್ನು ಬಿಚ್ಚಿಸಿ.