ಆಟಿ ತಿಂಗಳಲ್ಲಿ ನ್ಯಾನೊಕೊಳವೆಯ ಟ್ರಾನ್ಸಿಸ್ಟರ್

ಮಂಗಳೂರಿನ ಒಂದು ಕಾಲೇಜು ಪ್ರಯೋಗಾಲಯದಲ್ಲಿ ಇಂಗಾಲದ ನ್ಯಾನೊಕೊಳವೆಗಳಿಂದ (ಇಂಗಾಲದ ಪರಮಾಣುಗಳ ಅತಿ ಸೂಕ್ಷ್ಮ ಕೊಳವೆಗಳಿಂದ) ವಿದ್ಯುತ್ತಿನ ಸ್ವಿಚ್ಚಿನಂತೆ ಕೆಲಸ ಮಾಡುವ ತೆಳುಪದರ ಟ್ರಾನ್ಸಿಸ್ಟರ್‌ಗಳನ್ನು ತಯಾರಿಸುತ್ತಿರುವ ನನಗೆ ಎದುರಾದ ದೊಡ್ಡ ತೊಡಕು ಕರಾವಳಿಯ ಗಾಳಿಯಲ್ಲಿರುವ ತೇವ.

ತಯಾರಿಯ ಕ್ರಮ ಸರಳವಾದದ್ದು. 300 ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಇರುವ ಸಿಲಿಕಾನ್ ತುಂಡನ್ನು ಅಸಿಟೋನ್‌ನಲ್ಲಿ ತೊಳೆದು, ಕೊಳವೆಗಳು ಅಂಟಿಕೊಳ್ಳುವಂತೆ ಅಮೈನ್ ಗುಂಪುಳ್ಳ ಸಿಲೇನ್ ಎಂಬ ರಾಸಾಯನಿಕವನ್ನು ಲೇಪಿಸಿ, ಕೊಳವೆಗಳ ದ್ರಾವಣದಲ್ಲಿ ಮುಳುಗಿಸಿಟ್ಟು, ತೊಳೆದು ಒಣಗಿಸಿದರೆ ಬೈಹುಲ್ಲು ಚೆಲ್ಲಿದಂತೆ ಅಡ್ಡಾದಿಡ್ಡಿಯಾಗಿ ಬಿದ್ದ ಕೊಳವೆಗಳ ಜಾಲ ಸಿಗುತ್ತದೆ. ಅದರ ಮೇಲೆ ಮಾಸ್ಕ್ ಇಟ್ಟು ಚಿನ್ನವನ್ನು ಆವಿಯಾಗಿಸಿ ಸೋರ್ಸ್ ಮತ್ತು ಡ್ರೇನ್, ಅಂದರೆ ವಿದ್ಯುತ್ ಒಳಬರುವ ಮತ್ತು ಹೊರಹೋಗುವ ತುದಿಗಳನ್ನು ಮಾಡುತ್ತೇನೆ. ಕೆಳಗಿನ ಸಿಲಿಕಾನ್ ಆ ಹರಿವನ್ನು ನಿಯಂತ್ರಿಸುವ ಗೇಟ್ ಆಗುತ್ತದೆ. ಸಾಮಾನ್ಯವಾಗಿ ಬೆಳೆಸಿದ ಏಕಪದರ ಕೊಳವೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಲೋಹದಂತೆ ವರ್ತಿಸುವುದರಿಂದ, ಅವುಗಳನ್ನು ಬೇರ್ಪಡಿಸಿದ ದ್ರಾವಣಕ್ಕೆ ಹೆಚ್ಚು ಹಣ ಕೊಡಲೇಬೇಕು. ಇಲ್ಲಿ ಉಳಿತಾಯಕ್ಕೆ ಹೋದರೆ ಟ್ರಾನ್ಸಿಸ್ಟರ್ ಆಫ್ ಆಗುವುದೇ ಇಲ್ಲ.

ಬೇಸಿಗೆಯಲ್ಲಿ ತಕ್ಕಮಟ್ಟಿಗೆ ಕೆಲಸ ಮಾಡಿದ ಇದೇ ಟ್ರಾನ್ಸಿಸ್ಟರ್‌ಗಳು ಮಳೆಗಾಲದಲ್ಲಿ, ತುಳುನಾಡಿನ ಆಟಿ ತಿಂಗಳಲ್ಲಿ, ಬೇರೆಯದೇ ನಡವಳಿಕೆ ತೋರಿದವು. ಗೇಟ್ ವೋಲ್ಟೇಜನ್ನು ಏರಿಸುತ್ತಾ ಹೋದಾಗ ವಿದ್ಯುತ್ ಪ್ರವಾಹದ ಒಂದು ವಕ್ರರೇಖೆ, ಇಳಿಸುತ್ತಾ ಬಂದಾಗ ಅದರಿಂದ ದೂರ ಸರಿದ ಇನ್ನೊಂದು. ಆಕ್ಸೈಡ್ ಮೇಲ್ಮೈಯ ಸಿಲನಾಲ್ (ಸಿಲಿಕಾನಿಗೆ ಸೇರಿದ ಹೈಡ್ರಾಕ್ಸಿಲ್) ಗುಂಪುಗಳಿಗೆ ಅಂಟಿದ ನೀರಿನ ಅಣುಗಳು ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುವುದೇ ಇದಕ್ಕೆ ಕಾರಣವೆಂದು ಸ್ಟ್ಯಾನ್‌ಫರ್ಡ್‌ನ ಹಾಂಗ್‌ಜೀ ದಾಯ್ ಅವರ ತಂಡ 2003ರಲ್ಲಿಯೇ ತೋರಿಸಿತ್ತು. ಡಿಜಿಟಲ್ ಸರ್ಕ್ಯೂಟಿಗೆ ಇದು ಸಣ್ಣ ದೋಷವಲ್ಲ. ಸೊನ್ನೆ ಒಂದಾಗುವ ವೋಲ್ಟೇಜು ಹಿಂದಿನ ಸಂಕೇತವನ್ನು ಅವಲಂಬಿಸಿದರೆ, ಸೊನ್ನೆಯನ್ನು ಒಂದಾಗಿಯೂ ಒಂದನ್ನು ಸೊನ್ನೆಯಾಗಿಯೂ ತಿರುಗಿಸಬೇಕಾದ ಇನ್ವರ್ಟರ್ ಸರ್ಕ್ಯೂಟನ್ನು ನಂಬುವುದು ಹೇಗೆ?

ನಿರ್ವಾತದಲ್ಲಿ ಇಟ್ಟರೆ ಸಡಿಲವಾಗಿ ಅಂಟಿದ ನೀರು ಹೋಗುತ್ತದೆ, ಸಿಲನಾಲ್‌ಗೆ ಬಿಗಿಯಾಗಿ ಅಂಟಿದ್ದು ಹೋಗುವುದಿಲ್ಲ. ಆದ್ದರಿಂದ ಆ ತಂಡದ ದಾರಿಯನ್ನೇ ಹಿಡಿದು, ಪಿಎಂಎಂಎ ಎಂಬ ಪ್ಲಾಸ್ಟಿಕ್ ಪಾಲಿಮರ್ ಲೇಪಿಸಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ದೀರ್ಘಕಾಲ ಕಾಯಿಸಿದೆ. ಬಿಸಿಗೆ ನೀರು ಹೊರಹೋಗುತ್ತದೆ, ಪಾಲಿಮರ್‌ನ ಎಸ್ಟರ್ ಗುಂಪುಗಳು ಸಿಲನಾಲ್‌ಗೆ ಅಂಟಿ ನೀರಿನ ಜಾಗವನ್ನು ಹಿಡಿಯುತ್ತವೆ. ರೇಖೆಗಳ ನಡುವಿನ ಅಂತರ ಬಹಳಷ್ಟು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಈ ಅಂತರ ವೋಲ್ಟೇಜಿನ ವ್ಯಾಪ್ತಿ ಮತ್ತು ಬದಲಿಸುವ ವೇಗಕ್ಕೆ ತಕ್ಕಂತೆ ಬದಲಾಗುವುದರಿಂದ, ಅವೆರಡನ್ನೂ ಬರೆಯದ ಅಳತೆಗೆ ನಾನು ಬೆಲೆ ಕೊಡುವುದಿಲ್ಲ. ಅಂದಿನ ತೇವಾಂಶವನ್ನೂ ಪಕ್ಕದಲ್ಲಿ ಬರೆದಿಡುತ್ತೇನೆ.

ಇಡೀ ಸಿಲಿಕಾನ್ ತುಂಡೇ ಗೇಟ್ ಆಗಿರುವಾಗ ಒಂದೇ ತುಂಡಿನಲ್ಲಿ ಎರಡು ಟ್ರಾನ್ಸಿಸ್ಟರ್‌ಗಳನ್ನು ಬೇರೆಬೇರೆಯಾಗಿ ನಡೆಸಲಾಗದು. ಹಾಗಾಗಿ ಹೊರಗಿನಿಂದ ರೆಸಿಸ್ಟರ್ ಜೋಡಿಸಿ ಇನ್ವರ್ಟರ್ ಮಾಡಿದೆ. ಅದು ಸಂಕೇತವನ್ನು ತಿರುಗಿಸಿತು, ಆದರೆ ದಪ್ಪ ಆಕ್ಸೈಡಿನಿಂದಾಗಿ ಗೇಟಿಗೆ ಹತ್ತಾರು ವೋಲ್ಟ್ ಬೇಕಾಗಿ, ಹೊರಬಂದ ಸಂಕೇತ ಮುಂದಿನ ಹಂತವನ್ನು ನಡೆಸುವಷ್ಟಿರಲಿಲ್ಲ. ಈಗ ತೆಳುವಾದ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಪದರದ ಕೆಳಗೆ ಪ್ರತಿಯೊಂದಕ್ಕೂ ಪ್ರತ್ಯೇಕ ಗೇಟ್ ಕೊಡುತ್ತಿದ್ದೇನೆ. ಗಾಳಿಯಲ್ಲಿ ಈ ಕೊಳವೆಗಳು ಪಿ-ಮಾದರಿಯಾಗಿಯೇ (ಧನಾವೇಶ ಹರಿಯುವ ಬಗೆ) ಉಳಿಯುತ್ತವೆ; ಎರಡು ಬಗೆಯ ಟ್ರಾನ್ಸಿಸ್ಟರ್ ಜೋಡಿಸಿ ಇನ್ವರ್ಟರ್ ಮಾಡಲು ಎನ್-ಮಾದರಿಯೂ (ಋಣಾವೇಶ ಹರಿಯುವ ಬಗೆ) ಬೇಕು. 14,000ಕ್ಕೂ ಹೆಚ್ಚು ನ್ಯಾನೊಕೊಳವೆ ಟ್ರಾನ್ಸಿಸ್ಟರ್‌ಗಳಿದ್ದ ಪ್ರೊಸೆಸರನ್ನು 2019ರಲ್ಲಿ ಪ್ರಕಟಿಸಿದ ಎಂಐಟಿ ತಂಡ, ಸಂಪರ್ಕದ ಲೋಹವನ್ನೂ ಮೇಲಿನ ಆಕ್ಸೈಡನ್ನೂ ಬದಲಿಸಿ ಎನ್-ಮಾದರಿಯನ್ನು ಪಡೆದಿತ್ತು. ಆ ಕ್ರಮವನ್ನು ಇಲ್ಲಿನ ಮಳೆಗಾಲದಲ್ಲಿಯೇ ಪರೀಕ್ಷಿಸಬೇಕೆಂದಿದ್ದೇನೆ.